ಮಸ್ಕತ್ತಿನಿಂದ ಬಂದ ಮದಲಿಂಗನ ಗಾಡಿ

ಮುಕ್ತಾರನ ಗಾಡಿ ಮಸ್ಕತ್ತಿನಿಂದ ಮುಂಬೈಗೆ ಹಡಗಿನಲ್ಲಿ, ಮುಂಬೈಯಿಂದ ಹಳೇ ಹುಬ್ಬಳ್ಳಿಗೆ ಲಾರಿಯಲ್ಲಿ ಸುಖವಾಗಿ ಬಂದು, ಕೊನೆಗೆ ಸ್ವಂತ ಓಣಿಯ ಬಾಯಲ್ಲಿ ಸಿಕ್ಕಿಬಿತ್ತು. ಜರ್ಮನಿಯವರು ಮಾಡಿದ ದೊಡ್ಡ ಮೋಟರ್‌ಸೈಕಲ್ಲು ಅದು. ಎರಡು ಸಿಲಿಂಡರು ಎಮ್ಮೆಯ ಕೊಂಬಿನಂತೆ ಎಡಕ್ಕೊಂದು ಬಲಕ್ಕೊಂದು ಚಾಚಿದ್ದವು. ಅದನ್ನು ತುಂಬಿದ್ದ ಕಟ್ಟಿಗೆಯ ಪೆಟ್ಟಿಗೆ ಓಣಿಯೊಳಗೆ ತೂರಲಿಲ್ಲ. ನಡುರಸ್ತೆಯಲ್ಲೇ ಹಲಗೆ ಕಿತ್ತು, ಓಣಿಯ ಗಂಡಸರೆಲ್ಲ ಸೇರಿ ಗೋಡೆಗೆ ತಾಗದಂತೆ ನೂಕಿ ಮನೆ ಮುಂದೆ ನಿಲ್ಲಿಸಿದರು. ಹಾಗೆ ಕೈ ಹಚ್ಚಿದವರಿಗೆಲ್ಲ ಗಾಡಿ ತಮ್ಮದೇ ಅನ್ನಿಸಿತು. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಆದರೆ ಮುಕ್ತಾರ ಅದನ್ನು ಓಣಿಗೆಂದು ತಂದಿರಲಿಲ್ಲ.

ಮಸ್ಕತ್ತಿನ ಗ್ಯಾರೇಜಿನಲ್ಲಿ ಒಂಬತ್ತು ವರ್ಷ ಅವನು ಕಂಡದ್ದು ಗಾಡಿಗಳ ಹೊಟ್ಟೆ ಮಾತ್ರ. ಪಾಸ್‌ಪೋರ್ಟು ಮಾಲೀಕನ ಕಪಾಟಿನಲ್ಲಿ, ತಾನು ಗಾಡಿಗಳ ಕೆಳಗೆ. ಅಲ್ಲಿಗೆ ಒಬ್ಬ ಮುದಿ ಜರ್ಮನ್ ಎಂಜಿನಿಯರು ಇದೇ ಗಾಡಿಯನ್ನು ತರುತ್ತಿದ್ದ. ವಾರದ ರಜೆಗೆ ಬೆಟ್ಟದ ಕಡೆ ಹೋಗಿ, ಮೈತುಂಬ ಧೂಳು ಮೆತ್ತಿಕೊಂಡು ನಗುತ್ತ ಬರುತ್ತಿದ್ದ. ಆ ಧೂಳನ್ನು ಮುಕ್ತಾರ ನಿಧಾನವಾಗಿ, ಬೆರಳಿಗೆ ಹತ್ತಿಸಿಕೊಂಡು ಒರೆಸುತ್ತಿದ್ದ. ಮುದುಕ ತನ್ನ ದೇಶಕ್ಕೆ ಹೊರಟಾಗ ಗಾಡಿಯನ್ನು ಇವನೇ ಕೊಂಡ. ಊರಿಗೆ ಹೋಗಬೇಕು, ಅಲ್ಲಿಂದ ಉತ್ತರಕ್ಕೆ ಹೋಗುತ್ತಲೇ ಇರಬೇಕು, ಕೈಗೆ ಹಿಮ ಹತ್ತಿದ ಮೇಲೆ ಹೊರಳಬೇಕು. ಯಾರ ಅಪ್ಪಣೆಯೂ ಬೇಡದ ಒಂದು ಕೆಲಸ ಜೀವಮಾನದಲ್ಲಿ ಒಮ್ಮೆಯಾದರೂ ಮಾಡಬೇಕು.

ಇದನ್ನು ಅವನು ಯಾರ ಮುಂದೆಯೂ ಹೇಳಲಿಲ್ಲ. ನಾಚಿಕೆ. ನಮ್ಮ ಜನ ದುಡಿಮೆಗೆ ಹೋಗುತ್ತಾರೆ, ಉರುಸಿಗೆ ಹೋಗುತ್ತಾರೆ, ದವಾಖಾನೆಗೆ ಹೋಗುತ್ತಾರೆ. ನಲವತ್ತು ಸಮೀಪಿಸಿದ ಗಂಡಸು ಸುಮ್ಮನೆ ಹೋಗಿಬರುತ್ತೇನೆ ಎಂದರೆ ತಲೆ ಮುಟ್ಟಿ ನೋಡುತ್ತಾರೆ.

ಗಾಡಿ ಬಂದ ವಾರದಲ್ಲೇ ಹಿಂದಿನ ಓಣಿಯವರು ಮದುವೆ ಮೆರವಣಿಗೆಗೆ ಕೇಳಲು ಬಂದರು. ಕುದುರೆ ಹಳೆಯದಾಯಿತು, ನಮ್ಮ ಹುಡುಗ ಫಾರಿನ್ ಗಾಡಿ ಮೇಲೆ ಬರಲಿ ಅಂತ. ಮುಕ್ತಾರ ಬಾಯಿ ತೆರೆಯುವುದರೊಳಗೆ ಅವನ ತಾಯಿ ಶರೀಫಾಬಿ ಹೂಂ ಅಂದಾಗಿತ್ತು.

"ಅಮ್ಮಾ, ಇದು ಮೆರವಣಿಗಿ ಗಾಡಿ ಅಲ್ಲ."

"ನಿಮ್ಮ ಅಪ್ಪನ ಜನಾಜಾಕ್ಕ ಅವರು ಹೆಗಲ ಕೊಟ್ಟಾರ. ಆವತ್ತ ನೀ ಎಲ್ಲಿದ್ದಿ ಬೇಟಾ?"

ಮುಕ್ತಾರ ಆವತ್ತು ಮಸ್ಕತ್ತಿನಲ್ಲಿದ್ದ. ಅಪ್ಪ ತೀರಿಕೊಂಡಾಗ ಮಾಲೀಕ ರಜೆ ಕೊಟ್ಟಿರಲಿಲ್ಲ. ಮಗ ಹೊರಬೇಕಾದ್ದನ್ನು ಓಣಿ ಹೊತ್ತಿತು. ಯಾರು ಮುಂದೆ ಹಿಡಿದರು, ಯಾರು ಹಿಂದೆ, ಯಾರು ಎಲ್ಲಿ ಹೆಗಲು ಬದಲಿಸಿದರು ಎಂಬುದೆಲ್ಲ ಶರೀಫಾಬಿಗೆ ಬಾಯಿಪಾಠ. ಹಾಗೆ ಹೆಗಲು ಕೊಟ್ಟವರ ಮನೆಗಳಲ್ಲಿ ಮದುವೆ ವಯಸ್ಸಿಗೆ ಬಂದ ಗಂಡುಮಕ್ಕಳೂ ಕಡಿಮೆಯಿರಲಿಲ್ಲ.

ಹೀಗೆ ಹಿಮದ ಬೆಟ್ಟಕ್ಕೆಂದು ಬಂದ ಗಾಡಿ ಬ್ಯಾಂಡಿನ ಹಿಂದೆ, ಕುಣಿಯುವವರ ಕಾಲಿನ ಲೆಕ್ಕಕ್ಕೆ ತೆವಳತೊಡಗಿತು. ಮೆಕ್ಯಾನಿಕನ ಕರುಳಿಗೆ ಅದೊಂದು ಹಿಂಸೆ. ಅದರ ಕ್ಲಚ್ಚು ಕಾರಿನಂತೆ ಒಣ ಕ್ಲಚ್ಚು, ಅರ್ಧ ಹಿಡಿದು ಅರ್ಧ ಬಿಟ್ಟರೆ ಸುಡುತ್ತದೆ. ಎಂಜಿನ್ ತಣ್ಣಗಾಗಲು ನೀರಿಲ್ಲ, ಓಡುವಾಗ ಬೀಸುವ ಗಾಳಿಯೇ ನೀರು. ನಡುನಡುವೆ ಬಂದ್ ಮಾಡುತ್ತೇನೆಂದರೆ ಹಿರಿಯರು ಹೌಹಾರುತ್ತಿದ್ದರು. ಮದಲಿಂಗ ಕೂತ ಗಾಡಿ ನಡುಹಾದಿಯಲ್ಲಿ ಬಂದ್ ಆಗಬಾರದಂತೆ, ಅಪಶಕುನವಂತೆ.

"ಊರ ಮದಲಿಂಗರನ್ನೆಲ್ಲಾ ಹೊತ್ತಿ ಮುಕ್ತಾರಾ, ನೀ ಯಾವಾಗ ಹಿಂದಿನ ಸೀಟಿಗೆ ಕೂಡಾಂವ?" ಎಂದು ಚಹಾದಂಗಡಿಯಲ್ಲಿ ಕಿಚಾಯಿಸುತ್ತಿದ್ದರು. ತಂಗಿಯರ ಮದುವೆ ಮುಗಿಸುವುದರಲ್ಲಿ ಅವನದೇ ಉಳಿದುಹೋಗಿತ್ತು. ಅವನೂ ನಗುತ್ತಿದ್ದ. ಮನೆಗೆ ಬಂದು ಕ್ಲಚ್ಚಿನ ಕೇಬಲ್ಲು ಬಿಗಿ ಮಾಡುತ್ತಿದ್ದ.

ಒಂದೇ ಒಂದು ಸಂದು ಕಂಡಿತು. ಮೊಹರಮ್ಮಿನಲ್ಲಿ ಮುಸಲ್ಮಾನರಲ್ಲಿ ಮದುವೆಯಿಲ್ಲ. ತೊಂಬತ್ತೆಂಟರ ಆ ವರ್ಷ ಮೊಹರಂ ಮೇ ತಿಂಗಳಿಗೆ ಬಂತು. ಮಳೆ ಹಿಡಿಯುವ ಮೊದಲು ಉತ್ತರಕ್ಕೆ ದಾಟಿದರೆ ದಾಟಿದಂತೆ, ಇಲ್ಲದಿದ್ದರೆ ಇನ್ನೊಂದು ವರ್ಷ. ಇನ್ನೊಂದು ವರ್ಷ ಈ ತೆವಳಾಟ ತಡೆಯುವ ಕ್ಲಚ್ಚು ಆ ಗಾಡಿಯಲ್ಲಿ ಉಳಿದಿರಲಿಲ್ಲ, ಬೇರೆ ಕ್ಲಚ್ಚು ಈ ದೇಶದಲ್ಲಿ ಸಿಗುವಂತಿರಲಿಲ್ಲ. ಮುಕ್ತಾರ ಸದ್ದಿಲ್ಲದೆ ಚೀಲ ಹೊಲಿಸಿದ, ಎಣ್ಣೆ ಬದಲಿಸಿದ. ಆದರೆ ಮೇ ತಿಂಗಳು ಹಿಂದೂಗಳ ಲಗ್ನದ ಸುಗ್ಗಿ ಎಂಬುದು ಪರದೇಶದಲ್ಲಿದ್ದು ಅವನಿಗೆ ಮರೆತೇ ಹೋಗಿತ್ತು.

ಎದುರುಮನೆಯ ಮೈಲಾರಪ್ಪ ಅಕ್ಷತೆ ಹಿಡಿದು ಬಂದ. ಮಗ ಪರಮೇಶನ ಲಗ್ನ. "ಗಾಡಿ ನಿಂದs. ಬ್ಯಾರೆ ಮಾತಿಲ್ಲ," ಅಂದ.

ಶರೀಫಾಬಿ ಮಗನ ಮುಖವನ್ನೂ ನೋಡಲಿಲ್ಲ. "ಬಾಗಲದಿಂದ ಖಬರಸ್ತಾನದ ತನಕ ಹೆಗಲ ಬದಲಿ ಮಾಡದಾಂವ ಇಂವೊಬ್ಬನs. ಬರ್ತಾನ ಮೈಲಾರಪ್ಪ, ಬರ್ತಾನ," ಅಂದಳು.

ಲಗ್ನದ ದಿನ ಬಿಸಿಲು ಕೆಂಡ. ಹನುಮಪ್ಪನ ಗುಡಿಯಲ್ಲಿ ಕಾಯಿ ಒಡೆಸಿ, ಬಾಸಿಂಗ ಕಟ್ಟಿದ ಪರಮೇಶನನ್ನು ಹಿಂದೆ ಕೂರಿಸಿಕೊಂಡು ಮೆರವಣಿಗೆ ಹೊರಟಿತು. ಲಗ್ನದ ಹಂದರ ಮುಟ್ಟಲು ದೊಡ್ಡ ರಸ್ತೆ ದಾಟಬೇಕು. ರಸ್ತೆ ಸಮೀಪಿಸಿದಂತೆ ಕುಣಿಯುವವರಿಗೆ ಹುರುಪು ಏರಿ, ಗಾಡಿ ನಿಂತಲ್ಲೇ ನಿಂತಿತು. ಕ್ಲಚ್ಚು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಮೊಣಕಾಲಿಗೆ ಎಂಜಿನ್ನಿನ ಝಳ. ಆಮೇಲೆ ಒಳಗಿನಿಂದ ಟಿಕ್ಕು ಟಿಕ್ಕು ಎನ್ನುವ ಸದ್ದು ಶುರುವಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡು ನಿಂತೇಬಿಡುತ್ತದೆಂದು ಮುಕ್ತಾರನಿಗೆ ಗೊತ್ತಿತ್ತು.

"ಕಾಕಾ, ಬಂದ್ ಮಾಡ್ತೇನ್ರಿ!" ಎಂದು ಕೂಗಿದ.

"ಬಂದ್ ಮಾಡಬ್ಯಾಡಲೇ!" ಎಂದು ಮೈಲಾರಪ್ಪನೂ ಕೂಗಿದ.

ಅಷ್ಟರಲ್ಲಿ ಬಸ್ಸೊಂದು ಹಾರ್ನು ಹೊಡೆದು ಗುಂಪನ್ನು ಸೀಳಿತು. ಎದುರಿಗೆ ಖಾಲಿ ಡಾಂಬರು ಕಂಡಿತು. "ಪರಮೇಶಾ, ಗಟ್ಟಿ ಹಿಡಕೋ," ಅಂದ ಮುಕ್ತಾರ. ಕೈಯೇ ಕ್ಲಚ್ಚು ಬಿಟ್ಟಿತು.

ಬ್ಯಾಂಡು ಹಿಂದೆ ಉಳಿಯಿತು, ಊರು ಹಿಂದೆ ಉಳಿಯಿತು, ಉಣಕಲ್ ಕೆರೆಯೂ ದಾಟಿತು. ಗಾಳಿ ಬಡಿದಂತೆ ಟಿಕ್ಕು ಟಿಕ್ಕು ನಿಂತು, ಗಾಡಿ ಮಸ್ಕತ್ತಿನ ಬೆಟ್ಟದ ಹಾದಿಯಲ್ಲಿ ಹಾಡುತ್ತಿದ್ದಿರಬಹುದಾದ ದನಿಯಲ್ಲಿ ಹಾಡಿತು. ಆ ದನಿಯನ್ನು ಮುಕ್ತಾರ ಮೊದಲ ಸಲ ಕೇಳಿದ. ಹಿಂದೆ ಪರಮೇಶ ಒಂದು ಕೈಯಲ್ಲಿ ಬಾಸಿಂಗ, ಇನ್ನೊಂದರಲ್ಲಿ ಇವನ ಸೊಂಟ ಹಿಡಿದಿದ್ದ. ಕೊರಳ ಮಾಲೆಯ ಹೂವೆಲ್ಲ ಹಾರಿ ದಾರ ಉಳಿದಿತ್ತು.

ನವನಗರದ ಹತ್ತಿರ ಮುಕ್ತಾರ ವೇಗ ಇಳಿಸಿದ.

"ಯಾಕ ಭಾಯ್? ಇನ್ನೊಂದೀಟು ಮುಂದ ನಡೀರಲಾ," ಅಂದ ಪರಮೇಶ. "ಧಾರವಾಡದಾಗ ಚಹಾ ಕುಡದು ಬರೂಣು."

"ಮುಹೂರ್ತ ಐತೆಪಾ ನಿಂದು."

"ಮುಹೂರ್ತ ದಿನಾ ಇರತಾವ. ಇಂಥಾ ಗಾಳಿ ಇರತೈತೇನು?"

ಎದುರಿಗೆ ರಸ್ತೆ ನೆಟ್ಟಗೆ ಬಿದ್ದಿತ್ತು. ಧಾರವಾಡ, ಬೆಳಗಾವಿ, ಪುಣೆ, ಹೀಗೇ ಹೋದರೆ ಹಿಮ. ಆದರೆ ಹಿಂದೆ ಕೂತವನು ಇನ್ನೊಬ್ಬರ ಮಗ. ಹಂದರದಲ್ಲಿ ಊರಿಗೆ ಊರೇ ಮುಷ್ಟಿಯಲ್ಲಿ ಅಕ್ಕಿಕಾಳು ಬೆವರಿಸುತ್ತ ಕೂತಿರುತ್ತದೆ. ಮುಕ್ತಾರ ಗಾಡಿ ಹೊರಳಿಸಿದ. ಆ ಹೊರಳುವಿಕೆಯಷ್ಟು ಭಾರದ ಕೆಲಸ ಅವನು ಗ್ಯಾರೇಜಿನಲ್ಲೂ ಮಾಡಿರಲಿಲ್ಲ.

ಹಂದರದ ಮುಂದೆ ಮೈಲಾರಪ್ಪ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ. "ಮೆರವಣಿಗಿ ಮಾಡಪಾ ಅಂದ್ರ ಮದಲಿಂಗನ್ನs ಹಾರಿಸಿಕೊಂಡು ಹೋದಿಯೇನೋ! ಬೀಗರ ಮುಂದ ನನ್ನ ಮಾರಿ ಎಲ್ಲಿ ಇಟಕೊಳ್ಳಲಿ?" ಎಂದು ಹರಿಹಾಯ್ದ. ಪರಮೇಶ ಮಾತ್ರ ಕೆಂಪು ಮೋರೆ ಮಾಡಿಕೊಂಡು ನಗುತ್ತ ಮಂಟಪ ಹತ್ತಿದ. ಮುಹೂರ್ತಕ್ಕೆ ಅಕ್ಕಿಕಾಳು ಬಿದ್ದವು.

ಬಂದವರೆಲ್ಲ ಉಂಡೆದ್ದ ಮೇಲೆ ಮೈಲಾರಪ್ಪ ಮುಕ್ತಾರನನ್ನು ಹುಡುಕಿ ಬಂದು, ಎಲೆ ಹಾಕಿಸಿ ಎದುರಿಗೇ ಕೂತ. "ಉಣ್ಣು. ಈಗ ಹೇಳು, ಏನಾಗಿತ್ತು ನಿನಗ?"

ತುತ್ತು ಕೈಯಲ್ಲೇ ಹಿಡಿದು ಮುಕ್ತಾರ ಮೊದಲ ಸಲ ಹೇಳಿದ. "ಆ ಗಾಡಿ ನಿಂತ್ರ ಸಾಯತೈತ್ರಿ ಕಾಕಾ. ಅದನ್ನ ದೇಶ ತಿರಗಾಕ ತಂದಿದ್ದೆ. ಹಿಮಾ ನೋಡಬೇಕು ಅಂತ."

ಹುಚ್ಚು ಎನ್ನುತ್ತಾನೆಂದುಕೊಂಡಿದ್ದ. ಮೈಲಾರಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. "ಇಷ್ಟು ದಿನಾ ಬಾಯಾಗ ಏನ ಗೋಟಡಕಿ ಇಟಗೊಂಡಿದ್ದಿ?"

"ಹೆಂಗ ಹೇಳ್ಲಿರಿ? ನಮ್ಮ ಅಪ್ಪಗ ಹೆಗಲ ಕೊಟ್ಟವರು ನೀವು."

"ಲೇ ತಮ್ಮಾ, ನಮ್ಮಪ್ಪ ಸತ್ತಾಗ ನಿಮ್ಮಪ್ಪ ಕೊಟ್ಟಿದ್ದ. ಅದು ಸಾಲ ಅಲ್ಲ, ತೀರಸಾಕ." ಮೈಲಾರಪ್ಪ ಬಡಿಸುವವನನ್ನು ಕರೆದು ಇನ್ನೊಂದು ಸೌಟು ಸಾರು ಹಾಕಿಸಿದ. "ನಿಮ್ಮವ್ವ ಎಲ್ಲಾರಿಗೂ ಯಾಕ ಹೂಂ ಅಂತಾಳ, ವಿಚಾರ ಮಾಡೀಯೇನು? ಒಮ್ಮೆ ಕಳಸಿದ ಮಗಾ ಒಂಬತ್ತು ವರ್ಷಕ್ಕ ಬಂದ. ಮುಂದ ಒಂದು ಮದುವಿ ತಾರೀಖ ಇದ್ದಷ್ಟು ದಿನಾ ನೀ ಊರಾಗ ಇರತಿ. ಹಗ್ಗ ನಿನ್ನ ಗಾಡಿಗಲ್ಲೋ, ನಿನಗ ಕಟ್ಟ್ಯಾಳ."

ಮುಕ್ತಾರ ಎಲೆ ಮಡಿಚಿ ಎದ್ದ.

ಸಂಜೆ ಶರೀಫಾಬಿ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮೊಹರಂ ಕಳೆದ ಮೇಲೆ ಓಣಿಯ ಗುಲಾಬಸಾಬನ ಮಗನ ಮದುವೆಗೂ ಅವಳು ಮಾತು ಕೊಟ್ಟಿದ್ದಾಳೆಂದು ಅವನಿಗೆ ಗೊತ್ತಿತ್ತು. ಅದನ್ನು ಮುರಿಯಲು ಮಧ್ಯಾಹ್ನದಿಂದ ಮಾತು ಜೋಡಿಸಿಕೊಂಡಿದ್ದ. ಅವಳ ಬೆರಳು ನುಚ್ಚಿನಲ್ಲಿ ತಡವರಿಸುವುದನ್ನು ಕಂಡು ಬೇರೆಯೇ ಮಾತು ಹೊರಟಿತು.

"ಅಮ್ಮಾ, ನಾಳೆ ಮುಂಜಾನೆ ಹೊಂಡತೇನಿ. ಗುಲಾಬಸಾಬ ಕಾಕಾಗ ಹೇಳು, ಅವರ ಮದುವಿ ದಿನ ಗಾಡಿ ಅವರ ಬಾಗಲಾಗ ಇರತೈತಿ. ಕ್ಲಚ್ಚು ಸುಟ್ಟರ ನೂಕಿಕೊಂಡರs ಬರತೇನಿ."

ಅವಳು ಮೊರದಿಂದ ತಲೆ ಎತ್ತಲಿಲ್ಲ. ಎಲ್ಲಿಗೆ ಅಂತಲೂ ಕೇಳಲಿಲ್ಲ. "ಖರೇ?" ಅಂದಳು.

"ಖರೇ."

ಬೆಳಿಗ್ಗೆ ಓಣಿ ಎದ್ದು ನೋಡುವಷ್ಟರಲ್ಲಿ ಗಾಡಿ ಶುರುವಾಗಿತ್ತು. ಶರೀಫಾಬಿ ಸೆರಗು ಹೊದ್ದು ಬಾಗಿಲಿಗೆ ಬಂದಳು. ರಾತ್ರಿಯೆಲ್ಲ ಲೆಕ್ಕ ಹಾಕಿದವಳ ಮುಖ.

"ದಸ್ತಗೀರಸಾಬನ ಮನ್ಯಾಗೂ ಮದುವಿಗೆ ಗಾಡಿ ಕೇಳ್ಯಾರ," ಅಂದಳು. "ಗುಲಾಬಸಾಬನ ಮನಿ ಮದುವಿ ಆದ ಎಂಟು ದಿನಕ್ಕ. ಹೂಂ ಅನ್ನಲೇನು?"

ಮುಕ್ತಾರ ಅವಳ ಮುಖವನ್ನೊಮ್ಮೆ ನೋಡಿದ. "ಹೂಂ ಅನ್ನು," ಎಂದು ಹೇಳಿ ಗೇರು ಹಾಕಿದ. ಸಿಲಿಂಡರು ಗೋಡೆಗೆ ತಾಗದಂತೆ, ಎರಡೂ ಕಾಲು ನೆಲಕ್ಕೆ ಎಳೆಯುತ್ತ, ಓಣಿಯ ಬಾಯಿಯವರೆಗೆ ನಡೆಯುವ ವೇಗದಲ್ಲೇ ಹೋದ.