ದೋಣಿಯ ಹಿಂದಿನ ಕಂಬಿ

ಗಂಬೋವಾದ ದಕ್ಕೆಯಲ್ಲಿ ದೋಣಿ ಹತ್ತಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಅಷ್ಟರಲ್ಲಿ ಮೆಲ್ವಾ ಗಿಟೆನ್ಸ್ ನಾಲ್ಕು ಸಲ ಜಾಗ ಬದಲಾಯಿಸಿದ್ದಳು. ಮೊದಲು ಮುಂಭಾಗದ ಕುರ್ಚಿ. ಅಲ್ಲಿ ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿಕೊಂಡ ಗಂಡಸೊಬ್ಬ ಪ್ರತಿ ಎರಡು ನಿಮಿಷಕ್ಕೊಮ್ಮೆ "ಸ್ವಲ್ಪ ಬಗ್ಗಿ, ಸ್ವಲ್ಪ ಬಗ್ಗಿ" ಎನ್ನುತ್ತಿದ್ದ. ಅಲ್ಲಿಂದೆದ್ದು ಎಡಗಡೆಯ ಬೆಂಚಿಗೆ ಹೋದಳು. ಬಿಸಿಲು ನೇರ ಕಣ್ಣಿಗೆ ಹೊಡೆಯಿತು. ಬಲಗಡೆಗೆ ಹೋದಳು. ಅಲ್ಲಿ ಕೂತರೆ ಎಡಗಡೆಯೇ ಸರಿಯಿತ್ತೇನೋ ಎನಿಸಿತು. ಕೊನೆಗೆ ಕಬ್ಬಿಣದ ಮೆಟ್ಟಿಲು ಹತ್ತಿ ಮೇಲಿನ ಅಟ್ಟಕ್ಕೆ ಹೋಗಿ, ಗಾಳಿಗೆ ಹ್ಯಾಟು ಹಾರದಂತೆ ಒಂದು ಕೈಯಲ್ಲಿ ಅದುಮಿಕೊಂಡು ನಿಂತಳು. ಮಾರ್ಚ್ ತಿಂಗಳ ಗಾಳಿ. ಮಳೆಯಿಲ್ಲದೆ ದಂಡೆಯ ಹುಲ್ಲು ಒಣಗಿ ಹಳದಿಯಾಗಿತ್ತು.

ಅರವತ್ಮೂರು ವರ್ಷದ ಮೆಲ್ವಾ ಹುಟ್ಟಿ ಬೆಳೆದದ್ದು ಪನಾಮಾ ನಗರದ ರಿಯೋ ಅಬಾಹೋದಲ್ಲಿ. ಅಲ್ಲಿನ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಲೆಕ್ಕ ಕಲಿಸಿ ನಿವೃತ್ತಳಾಗಿದ್ದಳು. ಅವಳ ಅಜ್ಜ ಬಾರ್ಬಡೋಸಿನಿಂದ ಬಂದು ಈ ಪನಾಮಾ ಕಾಲುವೆಯನ್ನು ಅಗೆದವರಲ್ಲಿ ಒಬ್ಬ. ಆದರೂ ಕಾಲುವೆ ತೋರಿಸುವ ಪ್ರವಾಸದ ದೋಣಿಯನ್ನು ಅವಳು ಹತ್ತಿದ್ದು ಇದೇ ಮೊದಲು. ಅದೆಲ್ಲ ಹೊರಗಿನಿಂದ ಬಂದವರ ಶೋಕಿ ಎಂದೇ ಅವಳ ಅಭಿಪ್ರಾಯವಾಗಿತ್ತು. ಇವತ್ತು ಬಂದದ್ದು ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಮನೆಯ ಎನೈದಾಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿ ಹೊರಟಿದ್ದಳು.

ಬಂದದ್ದು ಮಗಳನ್ನು ನೋಡಲು.

ಅನಾಯಾನ್ಸಿ ಅವಳ ಒಬ್ಬಳೇ ಮಗಳು. ಮನೆಯಲ್ಲಿ ಯಾನ್ಸಿ. ಬ್ಯಾಂಕಿನ ಕೌಂಟರಿನಲ್ಲಿ ನೀಲಿ ಕೋಟು ತೊಟ್ಟು ತಣ್ಣಗೆ ಕೂತು ಮಾಡುವ ಕೆಲಸವಿತ್ತು. ಅದನ್ನು ಬಿಟ್ಟು, ಮಿರಾಫ್ಲೋರೆಸ್ ಲಾಕಿನಲ್ಲಿ ಹೇಸರಗತ್ತೆ ಓಡಿಸುವ ಕೆಲಸಕ್ಕೆ ಸೇರಿದಳು. ಹೇಸರಗತ್ತೆ ಎಂದರೆ ಪ್ರಾಣಿಯಲ್ಲ. ಲಾಕು ಎಂದರೆ ಬಾಗಿಲು ಮುಚ್ಚಿ, ನೀರು ಏರಿಸಿ ಇಳಿಸಿ ಹಡಗು ದಾಟಿಸುವ ತೊಟ್ಟಿ; ಅದರ ಗೋಡೆಯ ಮೇಲೆ ಹಳಿಗಳಿವೆ. ಆ ಹಳಿಗಳ ಮೇಲೆ ಓಡುತ್ತ, ದೊಡ್ಡ ಹಡಗುಗಳನ್ನು ಉಕ್ಕಿನ ಹಗ್ಗದಿಂದ ಹಿಡಿದು ನಡೆಸುವ ಇಂಜಿನ್ನುಗಳನ್ನು ಅಲ್ಲಿ ಎಲ್ಲರೂ ಕರೆಯುವುದೇ ಹಾಗೆ. ಡಿಸೆಂಬರ್ ಎಂಟನೇ ತಾರೀಕು, ಪನಾಮಾದವರ ತಾಯಂದಿರ ದಿನ, ಮನೆ ತುಂಬ ನೆಂಟರು ಕೂತು ಊಟ ಮಾಡುತ್ತಿದ್ದಾಗ ಮೆಲ್ವಾಳ ಬಾಯಿಂದ ಮಾತು ಜಾರಿತು. "ಇಷ್ಟು ಓದಿಸಿದ್ದು ಹೇಸರಗತ್ತೆ ಕಾಯೋದಕ್ಕಾ? ನಿನ್ನ ಮುತ್ತಜ್ಜ ಗುದ್ದಲಿ ಹಿಡಿದಿದ್ದೂ ಅಲ್ಲೇ, ನೀನು ಹೋಗಿ ನಿಂತಿದ್ದೂ ಅಲ್ಲೇ!" ಯಾನ್ಸಿಯ ಚಿಕ್ಕಪ್ಪ ಜೋರಾಗಿ ನಕ್ಕ. ಯಾನ್ಸಿ ಅರ್ಧ ಉಂಡ ತಟ್ಟೆ ಬಿಟ್ಟು ಎದ್ದಳು. ವಾರದೊಳಗೆ ಬಟ್ಟೆಬರೆ ಕಟ್ಟಿಕೊಂಡು ಬೇರೆ ರೂಮಿಗೆ ಹೋದಳು. ಆಮೇಲೆ ಮೂರು ತಿಂಗಳಲ್ಲಿ ಫೋನಿಗೆ ಬಂದದ್ದು ಒಂದೇ ಒಂದು ಸಂದೇಶ. "ಚೆನ್ನಾಗಿದ್ದೀನಿ." ಅಷ್ಟೇ.

ಕಳೆದ ತಿಂಗಳು ಮೆಲ್ವಾ ಮಿರಾಫ್ಲೋರೆಸ್‌ನಲ್ಲಿ ಪ್ರವಾಸಿಗರು ನಿಂತು ನೋಡುವ ಕಟ್ಟಡಕ್ಕೆ ಒಂದು ಸಲ ಹೋಗಿದ್ದಳು. ಅವತ್ತು ಹಡಗುಗಳೆಲ್ಲ ಆಚೆಯ ಸಾಲಿನಲ್ಲಿ ಹೋದವು. ಇಂಜಿನ್ನುಗಳು ಬೆಂಕಿಪೊಟ್ಟಣದಷ್ಟು ಕಂಡವು, ಒಳಗಿನ ಮುಖ ಕಾಣಲಿಲ್ಲ. ಮೇಲಾಗಿ ಅಲ್ಲಿ ನಿಂತರೆ ಮಗಳೇ ತನ್ನನ್ನು ನೋಡಿಬಿಟ್ಟರೆ ಎಂಬ ಭಯ. ತಾನು ನೋಡಬೇಕು, ಅವಳ ಕಣ್ಣಿಗೆ ಬೀಳಬಾರದು. ದೋಣಿಯಲ್ಲಾದರೆ ನೂರೈವತ್ತು ಹ್ಯಾಟುಗಳ ನಡುವೆ ತನ್ನದೂ ಒಂದು.

"ಸೆನ್ಯೋರಾ, ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡ್ತಿದ್ದೀರಲ್ಲ, ಏನಾದ್ರೂ ಕಳಕೊಂಡ್ರಾ?"

ಕೇಳಿದವನು ದೋಣಿಯ ಆಳು ರುಫಿನೋ. ಐವತ್ತು ದಾಟಿದ, ಹೊಟ್ಟೆ ಬಂದ, ಬಿಳಿ ಮೀಸೆಯ ಮನುಷ್ಯ. ಹೆಗಲ ಮೇಲೆ ಹಗ್ಗದ ಸಿಂಬಿ.

"ನೋಡೋದಕ್ಕೆ ಒಳ್ಳೆ ಜಾಗ ಯಾವುದು?" ಮೆಲ್ವಾ ಕೇಳಿದಳು.

"ಏನನ್ನ ನೋಡೋದಕ್ಕೆ?"

"ಲಾಕು."

"ಎಲ್ಲರಿಗೂ ಮುಂದಿನ ತುದಿಯೇ ಬೇಕು. ಅಲ್ಲಿ ಬಾಗಿಲು ತೆಗೆಯೋದು ಕಾಣುತ್ತೆ. ನೀವು ಟೀಚರ್ ಅಲ್ವಾ?"

"ನಿಮಗೆ ಹೇಗೆ ಗೊತ್ತು?"

"ಕೇಳೋ ಧಾಟಿ ನೋಡಿದ್ರೆ, ತಪ್ಪು ಉತ್ತರ ಹೇಳಿದ್ರೆ ಕಿವಿ ಹಿಂಡ್ತೀರ ಅನ್ನಿಸ್ತು." ಅವನು ನಗುತ್ತ ಇಳಿದು ಹೋದ.

ಕುಲೆಬ್ರಾ ಬೆಟ್ಟದ ಸೀಳು ಬಂತು, ದೊಡ್ಡ ಸೇತುವೆ ಬಂತು. ಜನ ಎದ್ದು ನಿಂತು ಫೋಟೋ ತೆಗೆದರು. ಧ್ವನಿವರ್ಧಕದಲ್ಲಿ ಹೆಣ್ಣುಮಗಳೊಬ್ಬಳು ಎಷ್ಟು ಜನ ಅಗೆದರು, ಎಷ್ಟು ಜನ ಸತ್ತರು ಎಂದು ಎರಡು ಭಾಷೆಗಳಲ್ಲಿ ಹೇಳಿದಳು. ಮೆಲ್ವಾಳ ಕಿವಿಗೆ ಅದು ಬೀಳಲಿಲ್ಲ. ಅವಳು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದಳು. ಹಡಗು ಹೋಗುವ ಸಾಲುಗಳು ಎರಡು. ಒಂದೊಂದಕ್ಕೂ ಎರಡು ಗೋಡೆ. ಒಂದೊಂದು ಗೋಡೆಯ ಮೇಲೂ ಹಿಂದೆ ಮುಂದೆ ಇಂಜಿನ್ನು. ಯಾನ್ಸಿ ಇವತ್ತು ಹಗಲಿನ ಪಾಳಿ ಎಂದಷ್ಟೇ, ಲಾಕಿನಲ್ಲೇ ಕೆಲಸ ಮಾಡುವ ಎನೈದಾಳ ಸೋದರಳಿಯ ಹೇಳಿದ್ದ. ಎಂಟರಲ್ಲಿ ಒಂದು. ದುಂಬಾಲು ಬಿದ್ದು ಕೇಳಿದ್ದರೆ ಯಾವ ಗೋಡೆ ಎಂದೂ ಹೇಳುತ್ತಿದ್ದನೇನೋ. ಕೇಳಲು ಅಭಿಮಾನ ಬಿಡಲಿಲ್ಲ.

ಮೊದಲು ಸಿಕ್ಕಿದ್ದು ಪೆದ್ರೋ ಮಿಗೆಲ್ ಲಾಕು. ಯಾನ್ಸಿ ಇರುವುದು ಇಲ್ಲಲ್ಲ, ಮುಂದಿನದರಲ್ಲಿ. ಆದರೂ ಮೆಲ್ವಾ ಇಲ್ಲೇ ಜಾಗ ಪರೀಕ್ಷಿಸಿ ನೋಡಬೇಕೆಂದು ಕೆಳಗಿಳಿದು, ಕ್ಯಾಮೆರಾದವನ ಮೊಣಕೈ ಸರಿಸಿ ಮುಂದಿನ ತುದಿಯಲ್ಲಿ ನಿಂತಳು. ಎದುರಿಗೆ ಮುಚ್ಚಿದ ಎರಡು ಕಬ್ಬಿಣದ ಬಾಗಿಲು. ಅದರ ಮುಂದೆ ಇನ್ನೇನೂ ಇಲ್ಲ. ಹಿಂದಿನಿಂದ ಗಂಟೆಯ ಸದ್ದು ಕೇಳಿದಾಗ ತಿರುಗಿ ನೋಡಿದಳು. ತಲೆಗಳು, ಹ್ಯಾಟುಗಳು, ಎತ್ತಿದ ಕೈಗಳು. ಜನರನ್ನು ಸೀಳಿಕೊಂಡು ಹಿಂಬದಿಗೆ ಬರುವಷ್ಟರಲ್ಲಿ ನೀರು ಇಳಿಯತೊಡಗಿತ್ತು. ದೋಣಿಯೂ ಅದರ ಜೊತೆ ಇಳಿಯಿತು. ಪಕ್ಕದ ಗೋಡೆ ಪಾಚಿನೀರು ಜಿನುಗಿಸುತ್ತ ಮೇಲೆ ಮೇಲೆ ಏರಿತು. ಇಂಜಿನ್ನಿನ ಬೂದು ಮಾಡು ಒಂದು ಗಳಿಗೆ ಕಂಡಿತು, ಆಮೇಲೆ ಅದೂ ಇಲ್ಲ.

ಹಗ್ಗ ಬಿಚ್ಚುತ್ತಿದ್ದ ರುಫಿನೋನ ತೋಳು ಹಿಡಿದಳು.

"ನೀವು ಹೇಳಿದ ಜಾಗ ದಂಡ. ಬಾಗಿಲು ನೋಡಿ ನಾನೇನು ಮಾಡಲಿ? ನನಗೆ ಇಂಜಿನ್ನು ಕಾಣಬೇಕು. ಓಡಿಸೋರ ಮುಖ ಕಾಣಬೇಕು."

"ಹೇಸರಗತ್ತೆ ನೋಡ್ಬೇಕು ಅಂತ ಮೊದಲೇ ಹೇಳೋದಲ್ವಾ ತಾಯಿ!" ರುಫಿನೋ ಹಗ್ಗ ಕೆಳಗಿಟ್ಟ. "ನಮ್ಮದು ಚಿಕ್ಕ ದೋಣಿ. ನಮ್ಮನ್ನ ಅವು ಮುಟ್ಟೋದೇ ಇಲ್ಲ. ನಾವು ಮೊದಲು ಒಳಗೆ ಹೋಗಿ ಗೋಡೆಗೆ ಕಟ್ಟಿಕೊಳ್ತೀವಿ. ಹಿಂದಿಂದ ದೊಡ್ಡ ಹಡಗು ಬರುತ್ತೆ. ಹೇಸರಗತ್ತೆ ಅದರ ಜೊತೆ ಬರೋದು. ಹಾಗಾಗಿ ದೋಣಿ ಹಿಂದಿನ ಕಂಬಿ ಹಿಡೀಬೇಕು, ಅದೂ ಮೇಲಿನ ಅಟ್ಟದಲ್ಲಿ. ನೀರು ಇಳಿಯೋಕೆ ಮುಂಚೆ ನೋಡಿದ್ರೆ ಉಂಟು, ಇಲ್ಲದಿದ್ರೆ ಇಲ್ಲ."

"ಎಡಗಡೆಯೋ ಬಲಗಡೆಯೋ?"

"ನಾವು ಬಲಗೋಡೆಗೆ ಕಟ್ಟೋದು. ಆ ಗೋಡೆಯದು ಬೇಗ ಮರೆಯಾಗುತ್ತೆ. ಎದುರು ಗೋಡೆಯದು ಸ್ವಲ್ಪ ಹೊತ್ತು ಕಾಣುತ್ತೆ. ಯಾರನ್ನ ನೋಡ್ಬೇಕು ನಿಮಗೆ?"

"ಯಾರನ್ನೂ ಇಲ್ಲ," ಎಂದಳು ಮೆಲ್ವಾ.

ಮಿರಾಫ್ಲೋರೆಸ್‌ನ ಪುಟ್ಟ ಕೆರೆ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಅವಳಿಗೆ ಅದು ಮುಗಿಯಲೇ ಇಲ್ಲ. ಊಟ ಬಡಿಸಿದರು. ಕೋಳಿ ಹಾಕಿದ ಅನ್ನ, ಹುರಿದ ಬಾಳೆ. ಜನ ತಟ್ಟೆ ಹಿಡಿದು ಸಾಲು ನಿಂತರು. ಮೆಲ್ವಾ ತಟ್ಟೆಯತ್ತ ಕಣ್ಣೂ ಹಾಯಿಸದೆ ಮೇಲಿನ ಅಟ್ಟದ ಹಿಂಬದಿಯ ಕಂಬಿ ಹಿಡಿದು ನಿಂತಳು. ಎಡ ಮೂಲೆ ಸರಿಯೋ, ನಡುವೆ ಸರಿಯೋ? ಎಡಕ್ಕೆ ಹೋದಳು, ನಡುವೆ ಬಂದಳು, ಮತ್ತೆ ಎಡಕ್ಕೆ ಹೋದಳು.

ಮಿರಾಫ್ಲೋರೆಸ್‌ನಲ್ಲಿ ಎರಡು ಮೆಟ್ಟಿಲು, ಎರಡು ತೊಟ್ಟಿ. ಮೊದಲ ತೊಟ್ಟಿಯೊಳಗೆ ದೋಣಿ ಮೆಲ್ಲನೆ ಸರಿಯಿತು. ಗೋಡೆಯ ಮೇಲಿನವರು ಹಗ್ಗದ ಉಂಡೆ ಎಸೆದರು, ರುಫಿನೋ ಹಿಡಿದು ಕಟ್ಟಿದ. ಹಿಂದಿನಿಂದ ಕಾರು ಸಾಗಿಸುವ ಹಡಗೊಂದು ಬಂತು. ಕಿಟಕಿಯಿಲ್ಲದ ಬಿಳಿ ಗೋಡೆಯೇ ನಡೆದು ಬಂದ ಹಾಗಿತ್ತು. ಆಕಾಶದ ಅರ್ಧ ಮುಚ್ಚಿತು. ಅದರ ಎರಡೂ ಪಕ್ಕದಲ್ಲಿ, ಗೋಡೆಗಳ ಮೇಲೆ, ಇಂಜಿನ್ನುಗಳು ಗಂಟೆ ಬಾರಿಸುತ್ತ ಬಂದವು. ಮೆಲ್ವಾ ಎಡಗೋಡೆಯದರ ಕಡೆ ಕಣ್ಣು ನೆಟ್ಟಳು. ಓಡಿಸುತ್ತಿದ್ದವನು ಗಡ್ಡದ ಗಂಡಸು. ಬಲಗಡೆಗೆ ಓಡಿದಳು. ಆ ಇಂಜಿನ್ನಿನ ಗಾಜಿನ ಮೇಲೆ ಬಿಸಿಲು ಉರಿಯುತ್ತಿತ್ತು. ಒಳಗೆ ಯಾರೋ ಇದ್ದರು, ಯಾರೆಂದು ತಿಳಿಯಲಿಲ್ಲ. ಕೈ ಅಡ್ಡ ಹಿಡಿದಳು, ಹ್ಯಾಟು ಬಗ್ಗಿಸಿದಳು. ನೀರು ಇಳಿಯಿತು. ಗೋಡೆ ಏರಿತು.

"ಇನ್ನೊಂದು ತೊಟ್ಟಿ ಇದೆ," ರುಫಿನೋ ಕೆಳಗಿನಿಂದ ಕೂಗಿದ. "ಹೇಸರಗತ್ತೆ ಗೋಡೆಯ ಇಳಿಜಾರಿನಲ್ಲಿ ಇಳಿದು ಬರ್ತವೆ. ಆಗ ನೋಡಿ, ಮುಖ ಕಾಣುತ್ತೆ!"

ನಡುವಿನ ಬಾಗಿಲು ತೆರೆಯಿತು. ದೋಣಿ ಎರಡನೇ ತೊಟ್ಟಿಗೆ ಹೋಗಿ ಮತ್ತೆ ಬಲಗೋಡೆಗೆ ಆತುಕೊಂಡಿತು. ಮೆಲ್ವಾ ಕಂಬಿಯ ಪಕ್ಕದ ಬೆಂಚನ್ನು ನೋಡಿದಳು. ಚಪ್ಪಲಿ ಬಿಚ್ಚಿ ಅದರ ಮೇಲೆ ಹತ್ತಿದಳು. ಗಾಳಿಗೆ ಹ್ಯಾಟು ಹಾರಿ ನೀರಿಗೆ ಬಿತ್ತು, ಅವಳು ಅದರ ಕಡೆ ನೋಡಲಿಲ್ಲ. ಬಲಗೋಡೆಯ ಇಳಿಜಾರಿನ ತಲೆಯಲ್ಲಿ ಇಂಜಿನ್ನು ಕಾಣಿಸಿತು. ಮೂತಿ ಕೆಳಗೆ ಮಾಡಿ, ಹಗ್ಗವನ್ನು ಬಿಗಿಯಾಗಿ ಹಿಡಿದು, ಹೆಜ್ಜೆ ಎಣಿಸುವ ಹಾಗೆ ಇಳಿಯಿತು. ಗಾಜಿನ ಮೇಲಿನ ಬಿಸಿಲು ಸರಿಯಿತು.

ಯಾನ್ಸಿ.

ತಲೆಗೆ ಹಳದಿ ಟೋಪಿ. ಮುಖ ಸ್ವಲ್ಪ ಇಳಿದಿತ್ತು. ನಾಲಿಗೆಯ ತುದಿ ತುಟಿಗಳ ನಡುವೆ ಕಚ್ಚಿಕೊಂಡಿದ್ದಳು. ಆರು ವರ್ಷದವಳಿದ್ದಾಗ ಅಡುಗೆಮನೆಯ ಮೇಜಿನ ಮೇಲೆ ಭಾಗಾಕಾರದ ಲೆಕ್ಕ ಬಿಡಿಸುವಾಗಲೂ ಹೀಗೇ ಕಚ್ಚಿಕೊಳ್ಳುತ್ತಿದ್ದಳು. ಕಣ್ಣು ಹಗ್ಗದ ಮೇಲೆ, ಹಗ್ಗದಿಂದ ಹಡಗಿನ ಮೇಲೆ, ಮತ್ತೆ ಹಗ್ಗದ ಮೇಲೆ.

ಮೆಲ್ವಾಳ ಗಂಟಲಿಗೆ ಹೆಸರು ಬಂದೇಬಿಟ್ಟಿತು. ಕೈಯೂ ಮೇಲೆದ್ದಿತು. ಅಷ್ಟರಲ್ಲಿ ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಹೆದರಿದ ದನಿಯಲ್ಲಿ ಕೇಳಿದಳು. "ಅಯ್ಯೋ, ಈ ಹಡಗು ನಮ್ಮ ಮೇಲೇ ಬಂದ್ರೆ?"

ಹಡಗಿನ ಮೂತಿ ನಿಜಕ್ಕೂ ತಲೆಯ ಮೇಲೇ ಇತ್ತು. ಅದರ ಎರಡು ಪಕ್ಕಕ್ಕೂ ಗೋಡೆಗೂ ನಡುವೆ ಮೊಳದಷ್ಟೇ ಜಾಗ.

"ಬರಲ್ಲ," ರುಫಿನೋ ಮೆಟ್ಟಿಲ ಮೇಲಿಂದ ಹೇಳಿದ. "ಹಿಂದಿನ ಹೇಸರಗತ್ತೆ ತಡೀತವೆ. ಮುಂದಿನವು ಗೋಡೆಗೆ ತಾಗದ ಹಾಗೆ ನಡುವೆ ಹಿಡೀತವೆ. ಹಗ್ಗ ಒಂಚೂರು ಸಡಿಲ ಬಿಟ್ರೂ ಕಷ್ಟ, ಒಂಚೂರು ಜಾಸ್ತಿ ಎಳೆದ್ರೂ ಕಷ್ಟ."

ಮೆಲ್ವಾ ಎತ್ತಿದ ಕೈಯನ್ನು ತನ್ನ ಬಾಯಿಗೇ ಒತ್ತಿಕೊಂಡಳು. ಕೂಗಬಾರದು. ಅವಳು ಈ ಕಡೆ ತಿರುಗಬಾರದು. ತರಗತಿಯಲ್ಲಿ ಮೂವತ್ತು ವರ್ಷ ದನಿಯೆತ್ತಿಯೇ ಮಾತಾಡಿದವಳು ಅಂಗೈಯೊಳಗೆ ಉಸಿರು ಬಿಡುತ್ತ ನಿಂತಳು. ಹಡಗು ಗೇಣುಗೇಣಾಗಿ ಬಂತು, ನಿಂತಿತು. ಎಲ್ಲೂ ತಾಗಲಿಲ್ಲ.

"ಅದು ನನ್ನ ಮಗಳು," ಎಂದಳು ಅವಳು, ತಟ್ಟೆಯ ಹೆಂಗಸಿಗೆ. ದನಿ ಅವಳಿಗೇ ಗುರುತು ಸಿಗಲಿಲ್ಲ. "ಬಲಗಡೆಯದು. ಹಿಡ್ಕೊಂಡಿರೋದು ನನ್ನ ಮಗಳು."

"ಹೌದಾ? ಆ ಹುಡುಗೀನಾ?"

"ಹುಡುಗಿ ಏನು, ಮೂವತ್ತೊಂದು ವರ್ಷ ಅವಳಿಗೆ."

ರುಫಿನೋ ಮಾತ್ರ ಬೆಂಚಿನ ಹತ್ತಿರ ಬಂದು ಸೊಂಟದ ಮೇಲೆ ಕೈಯಿಟ್ಟ. "ಸೆನ್ಯೋರಾ, ಮಗಳಾಗಲಿ ಮೊಮ್ಮಗಳಾಗಲಿ, ನೀವು ನೀರಿಗೆ ಬಿದ್ರೆ ಇಳಿದು ತೆಗೆಯೋನು ನಾನು. ನನಗೆ ಈಜು ಅಷ್ಟಕ್ಕಷ್ಟೇ. ದಯವಿಟ್ಟು ಇಳೀರಿ."

ಅವನ ಹೆಗಲು ಹಿಡಿದು ಇಳಿಯುವ ಮೊದಲು ಇನ್ನೊಂದು ಸಲ ನೋಡಿದಳು. ಇಂಜಿನ್ನಿನೊಳಗಿನ ಮುಖ ಈ ಕಡೆ ತಿರುಗಿತ್ತು. ನಗು ಇರಲಿಲ್ಲ, ಕೈ ಬೀಸಲಿಲ್ಲ. ಒಂದು ಕ್ಷಣ ನೋಡಿ ಮತ್ತೆ ಹಗ್ಗದ ಕಡೆ ತಿರುಗಿತು. ನೀರು ಇಳಿಯಿತು.

ಆಮೇಲಿನ ಒಂದು ಗಂಟೆ ಮೆಲ್ವಾ ಕೂರಲೇ ಇಲ್ಲ. ಸಮುದ್ರದ ನೀರು ಬಂತು, ಅಮೆರಿಕಾಗಳ ಸೇತುವೆ ತಲೆಯ ಮೇಲೆ ಹಾದುಹೋಯಿತು. ಫೋನು ತೆಗೆದು ನೋಡಿದಳು, ಚೀಲಕ್ಕೆ ಹಾಕಿದಳು, ಮತ್ತೆ ತೆಗೆದಳು. ಮಗಳು ತನ್ನನ್ನು ನೋಡಿಬಿಟ್ಟಳು. ಏನೆಂದುಕೊಂಡಳೋ. ಅಮ್ಮ ಕಾವಲು ಕಾಯಲು ಬಂದಳೆಂದುಕೊಂಡಳೋ, ಇನ್ನಷ್ಟು ಆಡಿಕೊಳ್ಳಲು ಬಂದಳೆಂದೋ.

ಅಮಾದೋರ್ ದಕ್ಕೆಯಲ್ಲಿ ಇಳಿದು, ಬಸ್ಸಿನ ನಿಲ್ದಾಣದ ಕಡೆ ನಡೆಯುವಾಗ ಫೋನು ಬಡಿದುಕೊಂಡಿತು.

"ಬೆಂಚಿನ ಮೇಲೆ ಯಾಕಮ್ಮ ಹತ್ತಿದ್ದು?" ಮೂರು ತಿಂಗಳ ನಂತರ ಮಗಳ ಮೊದಲ ಮಾತು. "ಅದೂ ಬರಿಗಾಲಲ್ಲಿ! ಗೋಡೆ ಮೇಲಿದ್ದೋರೆಲ್ಲ, ಯಾರೋ ಮುದುಕಿ ಹಾರಿಕೊಳ್ಳೋ ಹಾಗಿದ್ದಾಳೆ ಅಂತ ನೋಡ್ತಿದ್ರು. ನಾನು ನೋಡಿದ್ರೆ ನೀನು!"

"ಕಾಣ್ತಿರಲಿಲ್ಲ. ಅದಕ್ಕೆ."

"ಒಂದು ಕ್ಷಣ ಹಗ್ಗದ ಮೇಲಿನ ಕಣ್ಣೇ ತೆಗೆದುಬಿಟ್ಟೆ ಗೊತ್ತಾ? ಹಡಗು ನಿಂತ ಮೇಲಾದ್ರಿಂದ ಸರಿಹೋಯ್ತು."

"ನಾನು ಕೂಗಲಿಲ್ಲ," ಎಂದಳು ಮೆಲ್ವಾ. "ಬಾಯಿ ಮುಚ್ಕೊಂಡೇ ಇದ್ದೆ."

ಆ ಕಡೆ ದೂರದಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು.

"ಯಾನ್ಸಿ, ಅವತ್ತು ಊಟದ ಹೊತ್ತಲ್ಲಿ ನಾನು ಅಂದಿದ್ದು ತಪ್ಪು. ಎಲ್ಲರೆದುರಿಗೆ ಅಂದಿದ್ದು ಇನ್ನೂ ತಪ್ಪು. ಅವರೆಲ್ಲರ ಮುಂದೇನೆ ಹೇಳ್ತೀನಿ, ಬೇಕಾದ್ರೆ."

"ಚಿಕ್ಕಪ್ಪ ನಕ್ಕಿದ್ದು ನನಗೆ ಹೆಚ್ಚು ಉರೀತು."

"ಅವನಿಗೂ ಹೇಳ್ತೀನಿ."

"ಬೇಡ. ಅವನಿಗೆ ಹೇಳಿದ್ರೆ ಇನ್ನೊಂದು ವರ್ಷ ಅದೇ ಮಾತಾಡ್ತಾನೆ." ಯಾನ್ಸಿ ಉಸಿರು ಬಿಟ್ಟದ್ದು ಕೇಳಿಸಿತು. "ನನಗೆ ಬಿಡುವು ಮುಗೀತಾ ಬಂತು. ಇನ್ನೊಂದು ಹಡಗು ಬರ್ತಿದೆ."

"ಭಾನುವಾರ ಮನೆಗೆ ಬರ್ತೀಯಾ?"

"ಭಾನುವಾರ ಡ್ಯೂಟಿ. ಅದಲ್ದೆ ಇಷ್ಟು ಬೇಗ ಆ ಮನೆಗೆ ಬರೋಕೆ ಮನಸ್ಸಿಲ್ಲಮ್ಮ, ನಿಜ ಹೇಳ್ತೀನಿ. ಮಂಗಳವಾರ ರಜೆ. ನೀನೇ ಬಾ. ರೂಮು ಚಿಕ್ಕದು, ಒಂದೇ ಕುರ್ಚಿ."

"ವಿಳಾಸ ಹೇಳು."

ಮೆಲ್ವಾ ಬಸ್ ನಿಲ್ದಾಣದ ಕಂಬಕ್ಕೆ ಒರಗಿ, ಚೀಲದಿಂದ ಪೆನ್ನು ತೆಗೆದು ಅಂಗೈಯ ಮೇಲೆ ಬರೆದುಕೊಂಡಳು. ಬೀದಿಯ ಹೆಸರನ್ನು ಎರಡು ಸಲ ಕೇಳಿದಳು. ಫೋನು ಇಟ್ಟ ಮೇಲೂ ಮಂಗಳವಾರಕ್ಕೆ ಐದು ದಿನ ಎಂದು ಬೆರಳು ಮಡಚಿ ಎಣಿಸಿದಳು, ತಪ್ಪಾಯಿತೇನೋ ಎಂದು ಮತ್ತೊಮ್ಮೆ ಎಣಿಸಿದಳು. ಬಸ್ಸು ಬಂದು ಬಾಗಿಲು ತೆರೆದು, ಚಾಲಕ ಎರಡು ಸಲ ಹಾರ್ನ್ ಹೊಡೆದ ಮೇಲೆ ಹತ್ತಿದಳು.