ಹಿಂದಿನ ಕಾಲು ಮೊದಲು

ಅಜ್ಜಿಯನ್ನು ನಮ್ಮ ಹಸು ಕೆಂಚಿ ಒದ್ದು ಬೀಳಿಸಲಿಲ್ಲ. ಅಜ್ಜಿ ಬಿದ್ದದ್ದು ನನ್ನ ಲ್ಯಾಪ್‌ಟಾಪಿನ ಚಾರ್ಜರ್ ವೈರಿಗೆ ಕಾಲು ಸಿಕ್ಕಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ನಾಲ್ಕು ತಿಂಗಳು ಹೊಟ್ಟೆಯೊಳಗೆ ಇಟ್ಟುಕೊಂಡು ಒದ್ದಾಡಿದ್ದು ಸಾಕಾಗಿದೆ.

ನಮ್ಮ ಊರು ಬೂದಿಕೋಟೆಗೆ ಹತ್ತಿರ. ಮನೆಯಲ್ಲಿ ಮೂರೇ ಜನ: ಅಪ್ಪ ಸುಬ್ರಮಣಿ, ಅಜ್ಜಿ ಆದಿಲಕ್ಷ್ಮಮ್ಮ, ನಾನು ಶಶಿರೇಖ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು, ಅಲ್ಲಿಂದ ನನ್ನನ್ನು ಸಾಕಿದವಳು ಅಜ್ಜಿ. ನಮ್ಮಲ್ಲಿ ನೆಟ್ಟು ಸಿಗುವುದು ಹಿತ್ತಿಲ ಜಗಲಿಯಲ್ಲಿ ಮಾತ್ರ. ಪ್ಲಗ್ಗು ಇರುವುದು ಒಳಗಿನ ಕೋಣೆಯಲ್ಲಿ. ಹಾಗಾಗಿ ನನ್ನ ವೈರು ದಿನಾ ಬಾಗಿಲಿಗೆ ಅಡ್ಡ ಬಿದ್ದಿರುತ್ತಿತ್ತು. ಅವತ್ತು ಬೆಳಿಗ್ಗೆ ಅಜ್ಜಿ ಹಾಲು ಕರೆಯಲು ಚೊಂಬು ಹಿಡಿದು ಹೊರಟವಳು ಮೆಟ್ಟಿಲಿನಿಂದ ಕೊಟ್ಟಿಗೆ ಬಾಗಿಲಿನತನಕ ಉರುಳಿದಳು. ಎಡಗಾಲಿನ ಮೂಳೆ ಮುರಿಯಿತು. ಕಾಲು ವಾಲಿಕೊಂಡು ಬಿದ್ದಿದ್ದರೂ ಅವಳು ಆಡಿದ ಮೊದಲ ಮಾತು ಇದು:

"ಅಪ್ಪ ಬತ್ತಾನೆ. ವೈರ್ ಒಳಿಕ್ ಎಳ್ಕಾ ಅಮ್ಮಿ."

ಎಳೆದುಕೊಂಡೆ. ಅಪ್ಪ ಬಂದ. ಅಜ್ಜಿ, "ಕೆಂಚಿ ಒದ್ದುಬಿಟ್ಲು ಕಣಪ್ಪ" ಅಂದಳು. ನಾನು ಬಾಯಿ ಮುಚ್ಚಿಕೊಂಡು ನಿಂತೆ. ಅಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ನನಗೂ ಅದೇ ರಕ್ತ. "ಇನ್ನೊಂದು ದಿನ ಈ ಡಬ್ಬ ಅಡ್ಡ ಬಂದ್ರೆ ಕಲ್ಲಾಗೆ ಕುಟ್ಟಾಕ್ತೀನಿ" ಎಂದು ಅದರ ಹಿಂದಿನ ವಾರವೇ ಅಪ್ಪ ಲ್ಯಾಪ್‌ಟಾಪ್ ತೋರಿಸಿ ಹೇಳಿದ್ದ. ಬಿ.ಸಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತು ಕಂಪ್ಯೂಟರ್ ಆಟ ಕಟ್ಟುವ ಮಗಳ ಮೇಲೆ ಅಪ್ಪನಿಗೆ ಅಷ್ಟು ಸಿಟ್ಟು ಇರುವುದು ತಪ್ಪೇನಲ್ಲ. ಆದರೆ ಆ ಸಿಟ್ಟು ಹೋಗಿ ಬಿದ್ದದ್ದು ಕೆಂಚಿಯ ಮೇಲೆ. ಒದೆಯುವ ಹಸು ಮನೆಯಲ್ಲಿ ಬೇಡವೆಂದು ಅದೇ ವಾರ ಅದನ್ನು ಕಾಮಸಮುದ್ರದ ಅತ್ತೆ ವರಲಕ್ಷ್ಮಮ್ಮನ ಮನೆಗೆ ಅಟ್ಟಿಬಿಟ್ಟ.

ಎರಡು ತಿಂಗಳಿಗೆ ಬ್ಯಾಂಡೇಜು ಬಿಚ್ಚಿದರು. ಮೂಳೆ ಚೆನ್ನಾಗಿ ಕೂಡಿದೆ, ನಡೆಸಿ ಎಂದು ಡಾಕ್ಟರು ಹೇಳಿದರು. ಅಜ್ಜಿ ನಡೆಯಲಿಲ್ಲ. ಜಗಲಿಯ ಚಾಪೆಯ ಮೇಲೆ ಕೂತವಳು ಕೂತೇ ಇದ್ದಳು. ಬೆಳಿಗ್ಗೆ ನಾನು, ಸಂಜೆ ಅಪ್ಪ ಎತ್ತಿ ಬಚ್ಚಲಿಗೆ ಕರೆದುಕೊಂಡು ಹೋಗಬೇಕು. ಏಳಜ್ಜಿ ಎಂದರೆ ಖಾಲಿ ಕೊಟ್ಟಿಗೆಯ ಕಡೆ ನೋಡಿ, "ಎದ್ದು ಏನ್ ಮಾಡ್ಬೇಕು?" ಅನ್ನುವಳು. ಕೂತಲ್ಲೇ ಕೂತರೆ ಮುಂದೆ ಕಾಲು ಬರುವುದಿಲ್ಲ ಎಂದು ಡಾಕ್ಟರು ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಹೇಳಿದ್ದರು. ನಿಜ ಹೇಳಿದರೆ ಕೆಂಚಿ ವಾಪಸು ಬರುತ್ತದೆ, ಕೆಂಚಿ ಬಂದರೆ ಅಜ್ಜಿ ಏಳುತ್ತಾಳೆ. ಇಷ್ಟು ಲೆಕ್ಕ ನನಗೆ ಗೊತ್ತಿತ್ತು. ಅಪ್ಪನಿಗೆ ಹೇಳಕೂಡದೆಂದು ಅಜ್ಜಿ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು ಎನ್ನುವುದು ನೆಪ. ನನಗೆ ಭಯವಾಗಿತ್ತು, ಅಷ್ಟೇ.

ಬಾಯಲ್ಲಿ ಹೇಳಲಾರದವಳು ಆಟದಲ್ಲಿ ಹೇಳಲು ಹೊರಟೆ. ಇದರಲ್ಲಿ ನನ್ನ ಜೊತೆಗಾತಿ ಸೆಲ್ವಿ, ಅವಳೊಬ್ಬಳಿಗೆ ನಿಜ ಗೊತ್ತಿತ್ತು. ಕಾಲೇಜಿನಲ್ಲಿ ಒಂದೇ ಬೆಂಚು. ಮನೆ ಕೆ.ಜಿ.ಎಫ್.ನ ಮಾರಿಕುಪ್ಪಂನಲ್ಲಿ, ಕೆಲಸ ರಾಬರ್ಟ್‌ಸನ್‌ಪೇಟೆಯ ಒಂದು ಮೊಬೈಲ್ ಅಂಗಡಿಯಲ್ಲಿ. ಚಿತ್ರ ಅವಳದು, ಕೋಡಿಂಗ್ ನನ್ನದು. ನಮ್ಮ ಆಟದಲ್ಲಿ ಒಂದು ಕೆಂಪು ಹಸು ಕಾಮಸಮುದ್ರದಿಂದ ತನ್ನ ಮನೆಗೆ ಒಂಟಿಯಾಗಿ ನಡೆದು ಬರುತ್ತದೆ. ಆಡುವವರೇ ಹಸು. ಕೆರೆ ಏರಿ, ರಾಗಿ ಹೊಲ, ರೈಲ್ವೆ ಗೇಟು ದಾಟಬೇಕು, ಸುಸ್ತಾದರೆ ಮಲಗಬೇಕು, ಮತ್ತೆ ಏಳಬೇಕು.

ಆ ಏಳುವುದು ನಮ್ಮಿಂದ ಆಗಲಿಲ್ಲ. ಒಂದು ಪ್ರಾಣಿಯ ಮೈಯನ್ನು ಕೈಯಾರೆ ಇಂಚಿಂಚಾಗಿ ಅಲ್ಲಾಡಿಸುವುದು ದೊಡ್ಡ ಕಂಪನಿಯವರ ಕೆಲಸ. ನಾವು ಎಲ್ಲೋ ಪುಕ್ಕಟೆ ಸಿಕ್ಕ ನಾಲ್ಕು ಕಾಲಿನ ಚಲನೆಯೊಂದನ್ನು ತಂದು ಕೆಂಚಿಗೆ ಅಂಟಿಸಿದ್ದೆವು. ಅದು ಎದ್ದರೆ ಯಾಕೋ ಕೆಂಚಿ ಅನ್ನಿಸುತ್ತಿರಲಿಲ್ಲ. ಏನು ತಪ್ಪು ಎಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ದಿನಾ ಮನೆಯಲ್ಲಿ ಹಸು ಇದ್ದರೂ ಅದು ಹೇಗೆ ಏಳುತ್ತದೆ ಎಂದು ನಾನು ಒಂದು ದಿನವೂ ನೋಡಿರಲಿಲ್ಲ, ಕಣ್ಣು ಯಾವಾಗಲೂ ಸ್ಕ್ರೀನಿನ ಮೇಲೆ.

ಅಷ್ಟರಲ್ಲಿ ಹೊಸ ಎಂಜಿನ್ನಿನ ಸುದ್ದಿ ಬಂತು. ಗೊಂಬೆ, ನೆಲ, ಬೆಳಕು, ಸದ್ದು ಎಲ್ಲವನ್ನೂ ಸೇರಿಸಿ ಆಟವಾಗಿ ಓಡಿಸುವ ಸಾಫ್ಟ್‌ವೇರಿಗೆ ಗೇಮ್ ಎಂಜಿನ್ ಅನ್ನುತ್ತಾರೆ. ನಾವು ಬಳಸುತ್ತಿದ್ದುದರ ಹೊಸದೊಂದು ಬರುವುದಿತ್ತು. ಫೋನಿನಲ್ಲಿ ತೆಗೆದ ವಿಡಿಯೋ ಕೊಟ್ಟರೆ ಸಾಕು, ಅದರಲ್ಲಿರುವ ಚಲನೆಯನ್ನು ಗೊಂಬೆಗೆ ತಾನೇ ಕಲಿಸುತ್ತದಂತೆ. ಅವರ ಜಾಹೀರಾತಿನಲ್ಲಿ ಒಬ್ಬಳು ಕುಣಿಯುತ್ತಾಳೆ, ಪಕ್ಕದಲ್ಲಿ ಗೊಂಬೆಯೂ ಹಾಗೇ ಕುಣಿಯುತ್ತದೆ. ನಾವಿಬ್ಬರೂ ಅದನ್ನು ಇಪ್ಪತ್ತು ಸಲವಾದರೂ ನೋಡಿದೆವು. ಬಿಡುಗಡೆಗೆ ಇನ್ನೂ ಎಷ್ಟು ದಿನ ಎಂದು ಸೆಲ್ವಿ ದಿನಾ ಬೆಳಿಗ್ಗೆ ಮೆಸೇಜು ಹಾಕುವಳು. ನಾನು ಬಸ್ಸು ಹತ್ತಿ ಕಾಮಸಮುದ್ರಕ್ಕೆ ಹೋಗಿ ಕೆಂಚಿಯ ಹದಿನಾಲ್ಕು ವಿಡಿಯೋ ತೆಗೆದುಕೊಂಡು ಬಂದೆ. ಅಪರಾಧಿ ನಾನು, ಶಿಕ್ಷೆ ಅದಕ್ಕೆ. ಆದರೂ ಅದು ನನ್ನ ಕೈ ನೆಕ್ಕಿತು. ವಾಪಸು ಬರುವಾಗ ಬಸ್ಸಿನಲ್ಲಿ ಅಳುತ್ತಲೇ ಬಂದೆ.

ಎಂಜಿನ್ ಗುರುವಾರ ಬಿಡುಗಡೆಯಾಯಿತು. ಅಂಗಡಿಯ ನೆಟ್ಟಿನಲ್ಲಿ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಶುಕ್ರವಾರ ರಜೆ ಕೇಳಿ ಸೆಲ್ವಿ ಬಸ್ಸಿಳಿದಳು. ಜಗಲಿಯಲ್ಲಿ ಕೂತು ಕೆಂಚಿಯ ಮೊದಲ ವಿಡಿಯೋ ಕೊಟ್ಟೆವು. ಎಂಜಿನ್ ಐದು ನಿಮಿಷ ಯೋಚನೆ ಮಾಡಿ, ಈ ವಿಡಿಯೋದಲ್ಲಿ ಮನುಷ್ಯ ದೇಹ ಕಾಣುತ್ತಿಲ್ಲ ಎಂದು ಹೇಳಿತು. ಎರಡನೆಯದಕ್ಕೂ ಅದೇ. ಹದಿನಾಲ್ಕಕ್ಕೂ ಅದೇ. ಆಮೇಲೆ ಹುಡುಕಿ ಓದಿದರೆ, ಸದ್ಯಕ್ಕೆ ಮನುಷ್ಯರು ಮಾತ್ರ, ಪ್ರಾಣಿಗಳ ಬಗ್ಗೆ ಮುಂದೆ ನೋಡೋಣ ಎಂದು ಮೂಲೆಯಲ್ಲಿ ಬರೆದಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಲ್ಯಾಪ್‌ಟಾಪನ್ನು ಅಪ್ಪನ ಬದಲು ನಾನೇ ಕಲ್ಲಿಗೆ ಕುಟ್ಟಬೇಕು ಅನ್ನಿಸಿತು.

"ಬರೀ ಮನುಷ್ಯರು ಸಾಕಂತೆ ಅದಕ್ಕೆ, ಹಾಳಾದ್ದು" ಅಂದೆ.

"ಕುಣೀನಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಚಾಪೆಯಿಂದ ಅಜ್ಜಿ ಗೊಣಗಿದಳು.

ಸೆಲ್ವಿ ಸುಮ್ಮನಿರುವ ಜಾತಿಯಲ್ಲ. "ಮನುಷ್ಯರೇ ಬೇಕಾ? ಸರಿ, ನಾನೇ ಮಾಡು ಆಗ್ತೀನಿ" ಅಂದಳು. ಮಾಡು ಎಂದರೆ ಅವಳ ತಮಿಳಿನಲ್ಲಿ ದನ. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಜಗಲಿಯ ಮೇಲೆ ಕೈಕಾಲು ಮಡಚಿಕೊಂಡು ದನದಂತೆ ಮಲಗಿ, "ತೆಗಿ ಡೀ ವಿಡಿಯೋ" ಅಂದಳು. ನಾನು ಫೋನು ಹಿಡಿದೆ. ಸೆಲ್ವಿ ಎರಡು ಕೈ ಊರಿ, ಎದೆ ಎತ್ತಿ, ಆಮೇಲೆ ಹಿಂಭಾಗ ಎಳೆದುಕೊಂಡು ಎದ್ದಳು. ಅಜ್ಜಿ ನಕ್ಕಳು. ನಾಲ್ಕು ತಿಂಗಳಲ್ಲಿ ಅದೇ ಮೊದಲು ಅವಳ ನಗು ಕೇಳಿದ್ದು.

"ಇದ್ಯಾವ ಅಸುನಮ್ಮ? ಕುದ್ರೆ ಇದು."

"ಯಾಕೆ ಪಾಟಿ?" ಪಾಟಿ ಎಂದರೆ ಅಜ್ಜಿ.

"ಮುಂದ್ಲ ಕಾಲಾಗೆ ಮೊದ್ಲು ಏಳೋದು ಕುದ್ರೆ. ಅಸು ಇಂದ್ಲ ಕಾಲು ಮೊದ್ಲು ಎತ್ತದೆ. ಮಂಡಿ ಊರಿರ್ತದೆ, ಇಂದ್ಗಡೆ ಎದ್ದಿರ್ತದೆ, ಆಮ್ಯಾಕೆ ಮುಂದ್ಲದು ಒಂದೊಂದೆ."

ಹದಿನಾಲ್ಕು ವಿಡಿಯೋ ತೆಗೆದರೂ ಎರಡು ತಿಂಗಳಿಂದ ನಮ್ಮ ಕಣ್ಣಿಗೆ ಕಾಣದ ತಪ್ಪು ಅದು. ಸೆಲ್ವಿ ಮತ್ತೆ ಮಲಗಿ ಎದ್ದಳು, ಈ ಸಲ ನಾಯಿಯಂತೆ. ಇನ್ನೊಂದು ಸಲ ಎದ್ದಳು, ಅದು ಯಾವ ಪ್ರಾಣಿಯೋ ದೇವರಿಗೇ ಗೊತ್ತು. ಅಜ್ಜಿಗೆ ತಡೆಯಲಾಗಲಿಲ್ಲ. ನಮ್ಮ ವಂಶದ ಕೋಪ ಎಲ್ಲಿಂದ ಬಂತು ಎಂದು ಅವತ್ತು ತಿಳಿಯಿತು.

"ಥೂ, ಅಂಗೆ ಎದ್ರೆ ರೋಗದ ಅಸು ಅಂತಾರೆ. ನಮ್ ಕೆಂಚಿಗೆ ಅಂತ ಯೋಳ್ಕಂಡು ಇದೇನ್ ಮಾಡ್ತಿದೀರಾ? ಮನ್ಸರಿಗಿಂತ ಮೇಲು ಅದು. ನಾಕ್ ವರ್ಸದಾಗೆ ಒಂದ್ ದಪನೂ ನನ್ ಮೇಲೆ ಕಾಲೆತ್ತಿದ್ದಿಲ್ಲ. ಸರಿ ಆ ಕಡೆ. ನೋಡು ಇಲ್ಲಿ."

ಹೇಳುತ್ತಲೇ ಪಕ್ಕಕ್ಕೆ ಹೊರಳಿದಳು. ಸೀರೆ ಎತ್ತಿ ಕಟ್ಟಿ ಎರಡು ಮಂಡಿ ಊರಿದಳು, ಎರಡು ಮುಂಗೈ ಊರಿದಳು. "ಇಂಗೆ ಮೈನ ಮುಂದಕ್ ನೂಕ್ತದೆ. ನೂಕಿ," ಎಂದು ಸೊಂಟ ಎತ್ತಿದಳು, ಬಲಗಾಲು ಊರಿತು, ಎಡಗಾಲು ಒಂದು ಕ್ಷಣ ತಡೆದು ಅದೂ ಊರಿತು. "ಈಗ ಮುಂದ್ಲದು," ಎಂದು ಒಂದು ಕೈ ನೆಲದಿಂದ ಬಿಡಿಸಿ ಕಂಬ ಹಿಡಿದಳು, ಇನ್ನೊಂದು ಕೈ ಮೊಣಕಾಲಿನ ಮೇಲಿಟ್ಟಳು, ನೆಟ್ಟಗಾದಳು.

"ಗೊತ್ತಾಯ್ತಾ?" ಅಂದಳು.

ವಿಡಿಯೋ ಓಡುತ್ತಲೇ ಇತ್ತು. ನಾನು ಅವಳ ಕಾಲುಗಳನ್ನೇ ನೋಡುತ್ತಿದ್ದೆ.

"ಏನಮ್ಮಿ ಬಾಯ್ ಬಿಟ್ಕಂಡ್ ನೋಡ್ತೀಯ?" ಎಂದವಳು ನನ್ನ ನೋಟ ಎಲ್ಲಿದೆ ಎಂದು ನೋಡಿ ತನ್ನ ಕಾಲುಗಳತ್ತ ಬಗ್ಗಿದಳು. ಆಮೇಲೆ ಮೆಲ್ಲಗೆ, "ನಿಂತ್ಕಂಡಿವ್ನಲ್ಲ ನಾನು" ಅಂದಳು.

ನಾನು ಅಲ್ಲೇ ಕುಸಿದು ಅವಳ ಎರಡೂ ಕಾಲು ತಬ್ಬಿಕೊಂಡು ಅತ್ತೆ. ಅಷ್ಟು ಸಂತೋಷ ನನಗೆ ಬುದ್ಧಿ ಬಂದಾಗಿನಿಂದ ಆಗಿಲ್ಲ. "ಬಿಡು, ಬೀಳಿಸ್ಬುಟ್ಟೀಯ ಮತ್ತೆ" ಎಂದು ಅಜ್ಜಿ ನನ್ನ ತಲೆ ತಟ್ಟಿದಳು. ಮತ್ತೆ ಎನ್ನುವ ಮಾತು ಎದೆಗೆ ನಾಟಿತು.

ಆ ವಿಡಿಯೋವನ್ನು ಎಂಜಿನ್ ಒಪ್ಪಿಕೊಂಡಿತು. ಅಜ್ಜಿಯ ಕೈಗಳನ್ನು ಹಸುವಿನ ಮುಂಗಾಲಿಗೂ ಕಾಲುಗಳನ್ನು ಹಿಂಗಾಲಿಗೂ ಹೊಂದಿಸಲು ಸೆಲ್ವಿಗೆ ಮಧ್ಯಾಹ್ನವೆಲ್ಲ ಹಿಡಿಯಿತು. ಕೊನೆಗೆ ಕೆಂಚಿ ಸ್ಕ್ರೀನಿನಲ್ಲಿ ಮೈ ಮುಂದೂಡಿ ಎದ್ದಿತು. ಎಡಗಾಲು ಒಂದು ಕ್ಷಣ ತಡೆದು ಊರಿತು. ಅದನ್ನು ಸರಿ ಮಾಡಲಾ ಎಂದು ಸೆಲ್ವಿ ಕೇಳಿದಳು, ನಾನು ಬೇಡ ಅಂದೆ.

ಆಗ ಸೆಲ್ವಿ ತಗ್ಗಿದ ದನಿಯಲ್ಲಿ ಇನ್ನೊಂದು ಮಾತು ತೆಗೆದಳು. "ಶಶಿ, ಈ ವಿಡಿಯೋ ನಿಮ್ಮಪ್ಪ ನೋಡೇ ನೋಡ್ತಾರೆ. ಪಾಟಿ ಕೆಂಚಿ ಒದ್ದಿಲ್ಲ ಅಂದಿದ್ದು ಇದರಲ್ಲಿದೆ. ಸೌಂಡ್ ತೆಗೆದುಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ತೆಗಿ, ತೆಗಿ" ಎಂದು ಅಜ್ಜಿಯೂ ಅಂದಳು. ಅವಳು ಕೊಟ್ಟಿಗೆಯ ಕಲ್ಲಿನ ಮೇಲೆ ಕೂತಿದ್ದಳು, ಅಷ್ಟು ದೂರ ಗೋಡೆ ಹಿಡಿದುಕೊಂಡು ತಾನೇ ನಡೆದು ಹೋಗಿದ್ದಳು. ಕಾಲು ಮುರಿಸಿಕೊಂಡವಳು ನನಗಾಗಿ ಇನ್ನೂ ಸುಳ್ಳು ಹೇಳಲು ತಯಾರಿದ್ದಳು.

"ಬೇಡ, ಇರಲಿ" ಅಂದೆ.

ಅಪ್ಪ ಡೈರಿಯ ಕೆಲಸಕ್ಕೆ ಹೋಗಿದ್ದವನು ಸಂಜೆ ಬಂದ. ಕಲ್ಲಿನ ಮೇಲೆ ಕೂತ ತಾಯಿಯನ್ನು ನೋಡಿ ಸೈಕಲ್ಲನ್ನು ಹಾಗೇ ನೆಲಕ್ಕೆ ಬಿಟ್ಟ. ಹೆಂಗೆ, ಯಾವಾಗ, ಯಾರು ಎತ್ತಿದ್ದು ಎಂದು ಕೇಳಿದ. ನಾನು ಫೋನು ಕೊಟ್ಟೆ. ಒಂದು ಸಲ ನೋಡಿ ಕಣ್ಣೊರೆಸಿಕೊಂಡ. ಎರಡನೇ ಸಲ ನೋಡುವಾಗ ಮುಖ ಬದಲಾಯಿತು.

"ಕಾಲೆತ್ತಿದ್ದಿಲ್ಲ ಅಂದ್ರೆ ಏನವ್ವ?"

ಅಜ್ಜಿ ಬಾಯಿ ತೆಗೆಯುವ ಮೊದಲೇ ನಾನು ಹೇಳಿದೆ. ವೈರು ನನ್ನದು, ಎಳೆದುಕೊಂಡಿದ್ದು ನಾನು, ಸುಮ್ಮನಿದ್ದದ್ದೂ ನಾನು, ಕೆಂಚಿ ಅವತ್ತು ಮಲಗಿಯೇ ಇತ್ತು. ಎಲ್ಲವನ್ನೂ ಹೇಳಿದೆ.

ಅಪ್ಪ ನನ್ನ ಕಡೆ ನೋಡಲೇ ಇಲ್ಲ. "ನನ್ ಅತ್ರನೂ ಸುಳ್ಳಾ ಅವ್ವ?" ಎಂದು ಕೇಳಿದ.

"ನಿನ್ ಕೋಪ ನಂಗೊತ್ತಿಲ್ವಾ? ಮೂಳೆ ಮುರಿದ್ರೆ ಕೂಡ್ಕಂತದೆ ಕಣಪ್ಪ. ನೀನು ಕುಟ್ಟಾಕಿದ್ ಡಬ್ಬ ಕೂಡ್ಕಂತದಾ?"

ಅಪ್ಪ ಮುದ್ದೆ ಉಂಡು ಮಲಗಿಬಿಟ್ಟ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಮನೆಯಲ್ಲಿರಲಿಲ್ಲ. ಪ್ಲಗ್ಗಿನಲ್ಲಿ ನನ್ನ ಚಾರ್ಜರೂ ಇರಲಿಲ್ಲ. ಎಲ್ಲ ಹುಡುಕಿದೆ. ಇನ್ನು ಮುಗಿಯಿತು ಅಂದುಕೊಂಡೆ, ಅದು ನನಗೆ ತಕ್ಕ ಶಿಕ್ಷೆಯೇ ಅಂದುಕೊಂಡೆ. ಅಳು ಬರಲಿಲ್ಲ. ಅಜ್ಜಿ ಎರಡು ಸಲ ಹಿತ್ತಿಲಿಗೆ ಹೋಗಿ ಬಂದಳು, ಅದನ್ನು ನೋಡಿಕೊಂಡೇ ಸಮಾಧಾನ ಮಾಡಿಕೊಂಡೆ.

ಮಧ್ಯಾಹ್ನ ಮನೆ ಮುಂದೆ ಟಾಟಾ ಏಸ್ ನಿಂತಿತು. ಹಿಂದೆ ಹಗ್ಗ ಹಿಡಿದುಕೊಂಡು ಅಪ್ಪ, ಪಕ್ಕದಲ್ಲಿ ಕೆಂಚಿ. ಇಳಿಸಿದ್ದೇ ತಡ, ಅದು ಯಾರನ್ನೂ ಕಾಯದೆ ಸೀದಾ ಹಿತ್ತಿಲಿಗೆ ಹೋಯಿತು. ಅಜ್ಜಿ ಅದರ ಕತ್ತಿಗೆ ಮುಖ ಒತ್ತಿ ನಿಂತುಬಿಟ್ಟಳು. ಇಬ್ಬರಲ್ಲಿ ಯಾರು ಯಾರಿಗೆ ಒರಗಿದ್ದರೋ ನನಗೆ ತಿಳಿಯಲಿಲ್ಲ.

ಅಪ್ಪ ಚೀಲದಿಂದ ನನ್ನ ಚಾರ್ಜರ್ ತೆಗೆದು ಮಡಿಲಿಗೆ ಹಾಕಿದ. ಅದರ ಹಿಂದೆಯೇ ಒಂದು ಹೊಸ ಸ್ವಿಚ್ ಬಾಕ್ಸು, ಒಂದು ಸುರುಳಿ ವೈರು, ಗೋಡೆಗೆ ವೈರು ಬಿಗಿಯುವ ಕ್ಲಿಪ್ಪುಗಳ ಪೊಟ್ಟಣ. ಪಿನ್ನು ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು ಚಾರ್ಜರನ್ನು ಬಂಗಾರಪೇಟೆಯ ಅಂಗಡಿಗೆ ಒಯ್ದಿದ್ದನಂತೆ. ಜಗಲಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಬಾಯಲ್ಲಿ ಮೊಳೆ ಕಚ್ಚಿಕೊಂಡು ಗೋಡೆಗೆ ಸುತ್ತಿಗೆ ಹಾಕತೊಡಗಿದ.

"ಇನ್ಮೇಲೆ ಇಲ್ ಕೂತ್ಕಂಡ್ ಮಾಡು. ಓಡಾಡೋ ದಾರಿಯಾಗೆ ಬೇಡ" ಅಂದ.

"ಊಂ ಅಪ್ಪ" ಅಂದೆ. ಕ್ಲಿಪ್ಪಿನ ಪೊಟ್ಟಣ ಬಿಚ್ಚಿ ಅವನ ಕೈಗೆ ಕೊಟ್ಟೆ.

ಇನ್ನೆರಡು ಮೊಳೆ ಹೊಡೆದು ಕೇಳಿದ. "ಆ ಆಟದಾಗೆ ಕೆಂಚಿ ಮನೆಗ್ ಬಂದ್ಮೇಲೆ ಏನಾಗ್ತದೆ?"

ನಾನೂ ಸೆಲ್ವಿಯೂ ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಹಾಗೆಂದು ಹೇಳುವಷ್ಟರಲ್ಲಿ ಕೊಟ್ಟಿಗೆಯಿಂದ ಅಜ್ಜಿಯ ದನಿ ಬಂತು.

"ಇನ್ನೇನಾಗ್ತದೆ, ಆಲ್ ಕರೀಬೇಕು. ಚೊಂಬು ತತ್ತಾ ಅಮ್ಮಿ."