ಚಂದ್ರನವರೆಗೆ ಹಗ್ಗ

ಐದು ಸದ್ದು ಕೇಳಿದವು. ಆರನೆಯದಕ್ಕಾಗಿ ಮುದ್ದಕ್ಕ ಕಿವಿಗೊಟ್ಟು ಕುಳಿತೇ ಇದ್ದಳು. ಬಾವಿಯಿಂದ ಎದ್ದ ಹೊಗೆ ತೆಳುವಾಗಿ ಹರಡಿಹೋಯಿತು. ಆರನೆಯದು ಬರಲಿಲ್ಲ.

ಹಿರಿಯೂರಿನಾಚೆ ಈರಬಸಪ್ಪನವರ ಹೊಲದಲ್ಲಿ ಬಾವಿ ತೋಡುವ ಕೆಲಸ ನಡೆದಿತ್ತು. ತಳದಲ್ಲಿ ಬಂಡೆ ಸಿಕ್ಕಿದ್ದರಿಂದ ಆರು ಕುಳಿ ಕೊರೆದು ಮದ್ದು ತುಂಬಿದ್ದರು. ಬೆಳಿಗ್ಗೆ ಬತ್ತಿ ಹಚ್ಚಿ ಬಂದವನು ಅವಳ ಗಂಡ ತಿಮ್ಮರಾಯಪ್ಪ. ತಾಯಿಯ ತಮ್ಮನನ್ನೇ ಕಟ್ಟಿಕೊಂಡ ಅವಳಿಗೆ ಅವನು ಈಗಲೂ ಮಾವನೇ. ಸಿಡಿಯದೆ ಉಳಿದದ್ದನ್ನು ಇಳಿದು ನೋಡಬೇಕಾದವನೂ ಅವನೇ.

ಮಧ್ಯಾಹ್ನದವರೆಗೆ ಕಾದರು. ಈರಬಸಪ್ಪನವರು ಹುಣಸೆಮರದ ನೆರಳಲ್ಲಿ ಕುಳಿತು, ಹಿಂದಿನ ದಿನ ರೇಡಿಯೋದಲ್ಲಿ ಕೇಳಿದ್ದನ್ನೇ ಹೇಳುತ್ತಿದ್ದರು. ಅಮೆರಿಕದವರಿಬ್ಬರು ಚಂದ್ರನ ಮೇಲೆ ಇಳಿದಿದ್ದರು.

“ರಾಕೆಟ್ಟಿನ ಅಡಿಯಾಗೆ ಬೆಂಕಿ ಹಚ್ತಾರಂತೆ. ಗುಂಡು ಹಾರಿದಂಗೆ ಹೋಗ್ತೈತಂತೆ.”

“ಅಡಿಯಾಗಿನ ಬೆಂಕಿ ನಂಗೊತ್ತೈತೆ ಬಿಡ್ರಿ,” ಎಂದು ತಿಮ್ಮರಾಯಪ್ಪ ಎದ್ದ.

“ನಾಳೆ ನೋಡಾಣ ಮಾವ,” ಎಂದಳು ಮುದ್ದಕ್ಕ. ಅವನು ಕೇಳಿಸಿಕೊಳ್ಳದವನಂತೆ ಕಬ್ಬಿಣದ ಬುಟ್ಟಿಯಲ್ಲಿ ಕಾಲಿಟ್ಟ. ರಾಟೆಯ ಒಂದು ಹಿಡಿ ಅವಳ ಕೈಯಲ್ಲಿ, ಇನ್ನೊಂದು ಜೊತೆ ಕೆಲಸದ ಓಬಣ್ಣನ ಕೈಯಲ್ಲಿ. ಹಗ್ಗ ಸುತ್ತುಸುತ್ತಾಗಿ ಬಿಚ್ಚುತ್ತಾ ಹೋಯಿತು.

ಅರ್ಧ ಇಳಿದಿರಬೇಕು. “ನಿಲ್ಸು,” ಎಂದಿತು ಒಳಗಿನ ದನಿ.

ನಿಲ್ಲಿಸಿದರು.

“ಮುದ್ದಿ, ಚಂದ್ರನ ತಾವ್ಕೆ ಹಿಂಗೇ ಹೋಗ್ಬೋದಿತ್ತು ಕಣೆ. ಅಲ್ಲಿಂದ ಒಂದು ಹಗ್ಗ ಬಿಟ್ಟಿದ್ರೆ.”

ಅವಳು ಹಿಡಿ ಬಿಡದೆ ಬಾವಿಯತ್ತ ಬಗ್ಗಿದಳು. “ರಾಟೆ ತಿರುವೋರು ಯಾರು?”

“ನೀನೇ. ಇಬ್ರಲ್ಲಿ ಒಬ್ರು ಮುಂಚೆ ಹೋಗಿರ್ಬೇಕು ಅಷ್ಟೆ. ದಿನಕ್ಕೆ ನಾಕು ಮಾರು ಎಳ್ಕಂಡ್ರೆ ಸಾಕು. ಬುಟ್ಯಾಗೆ ಮುದ್ದೆ, ನೀರು. ದಣಿವಾದ್ರೆ ಅಲ್ಲೇ ನಿಂತ್ಕಂಡು, ಕೆಳಗೆ ಮಾರಿಕಣಿವೆ ಡ್ಯಾಮಿನ ನೀರು ಎಷ್ಟು ಸಣ್ಣಗಾತು ಅಂತ ನೋಡ್ಕಂತ…”

“ವರ್ಸಗಟ್ಲೆ ಆಗ್ತೈತೆ.”

“ಆಗ್ಲಿ. ಏನವಸರ? ಸಾವಕಾಶ ಹೋದ್ರೆ ಜೀವ ಹೆದ್ರಾದಿಲ್ಲ.”

ಓಬಣ್ಣ ನಕ್ಕ. ಮುದ್ದಕ್ಕನಿಗೆ ನಗು ಬರಲಿಲ್ಲ. ಹದಿನೆಂಟು ವರ್ಷದಿಂದ ಅವನನ್ನು ಇಳಿಸಿ ಎತ್ತುತ್ತ ಬಂದಿದ್ದಳು. ಬಾವಿಯೊಳಗೆ ಅವನು ಮಾತಾಡುವವನೇ ಅಲ್ಲ. ಇಳಿಸು, ಎತ್ತು, ಅಷ್ಟೆ. ಈಗ ಮಾತು ನಿಂತಿತು. ಹಗ್ಗ ಮಾತ್ರ ಅಂಗೈಯಷ್ಟಗಲ ಅತ್ತಿತ್ತ ಅದುರುತ್ತಿತ್ತು. ಗಾಳಿ ಇರಲಿಲ್ಲ.

“ಮಾವ?”

ಅವಳು ಹಿಡಿಗೆ ಎರಡೂ ಕೈ ಕೊಟ್ಟಳು.

“ಎತ್ತು ಓಬಣ್ಣ.”

“ಅವ್ನು ಹೇಳ್ಲಿಲ್ವಲ್ಲಕ್ಕ…”

“ಎತ್ತು ಅಂದೆ.”

ಇಬ್ಬರೂ ತಿರುವಿದರು. ಹಿಡಿ ಅವಳ ಅಂಗೈ ಕಿತ್ತಿತು. ಒಳಗಿನಿಂದ ಬೇಡವೆಂಬ ಮಾತು ಬರಲಿಲ್ಲ. ಒಂದೊಂದು ಸುತ್ತಿಗೂ ಅವಳು ತಳದ ಸದ್ದಿಗೆ ಕಿವಿಯೊಡ್ಡುತ್ತಿದ್ದಳು. ಕೊನೆಗೆ ಕಲ್ಲುಧೂಳಿನ ತಲೆ ಕಾಣಿಸಿತು.

ಈರಬಸಪ್ಪನವರು ಎದ್ದು ಬಂದರು. “ಏನಪ್ಪ, ನೋಡ್ದೇನು?”

ತಿಮ್ಮರಾಯಪ್ಪ ತಲೆಯೆತ್ತಲಿಲ್ಲ.

“ಇವತ್ತು ಯಾರೂ ಇಳಿಯಾದಿಲ್ರಿ,” ಎಂದಳು ಮುದ್ದಕ್ಕ. “ನಾಳೆ ಇವನಂತೂ ಇಳಿಯಾದಿಲ್ಲ.”

ಅವರು ಅವನ ಮುಖ ನೋಡಿದರು. “ಆತು ಬಿಡವ್ವ,” ಎಂದು ಹಿಂದೆ ಸರಿದರು. ಓಬಣ್ಣ ಜಾಲಿಮುಳ್ಳು ತರಲು ಹೋದ, ಕುರಿಗಳು ಅತ್ತ ಸುಳಿಯದಂತೆ ಬಾವಿಯ ಬಾಯಿಗೆ ಅಡ್ಡ ಹಾಕಲು.

ಬುಟ್ಟಿಯನ್ನು ದಡಕ್ಕೆ ಎಳೆದುಕೊಂಡಿದ್ದರೂ ತಿಮ್ಮರಾಯಪ್ಪ ಅದರಲ್ಲೇ ನಿಂತಿದ್ದ. ಎರಡೂ ಕೈ ಹಗ್ಗ ಬಿಟ್ಟಿರಲಿಲ್ಲ. ಮುದ್ದಕ್ಕ ಬಗ್ಗಿ ಅವನ ಒಂದು ಕಾಲನ್ನು ಹಿಡಿದೆತ್ತಿ ನೆಲದ ಮೇಲಿಟ್ಟಳು. ಆಮೇಲೆ ಇನ್ನೊಂದನ್ನು.